ವಾರಗಿತ್ತಿಯ ಫೈಲುಗಳು

ಮನೆಯಲ್ಲಿ ಒಬ್ಬ ವಾರಗಿತ್ತಿಯನ್ನು ಸಹಿಸಿಕೊಳ್ಳುವುದು ದೊಡ್ಡ ಮಾತಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಎದುರಾದವಳು ಸಂಜೆವರೆಗೂ ಕಣ್ಣಿಗೆ ಬೀಳುವುದಿಲ್ಲ ಎಂಬ ಸಮಾಧಾನವಾದರೂ ಇರುತ್ತದೆ. ನನಗೆ ಆ ಪುಣ್ಯವೂ ಇರಲಿಲ್ಲ. ನನ್ನ ಮೈದುನನ ಹೆಂಡತಿ ನನ್ನ ಆಫೀಸಿಗೇ ಬಂದಳು, ನನ್ನ ಕೋಣೆಗೇ ಬಂದಳು, ಕಿಟಕಿ ಪಕ್ಕದ ಮೇಜಿಗೇ ಬಂದಳು. ಆ ಮೇಜನ್ನು ನಾನು ವರ್ಷಗಟ್ಟಲೆ ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದೆ. ಅವಳು ಕೇಳಲೂ ಇಲ್ಲ, ಖಾಲಿ ಇದೆಯಲ್ಲ ಎಂದು ಆಫೀಸಿನವರೇ ಕೂರಿಸಿದರು.

ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಾರೆ. ಮೂವತ್ತು ದಾಟಿದ ಹೆಂಗಸು ಪುಟ್ಟಿ ಹೇಗಾಗುತ್ತಾಳೆ ಎಂದು ಕೇಳುವವರಿಲ್ಲ, ಯಾಕೆಂದರೆ ಹಾಗೆ ಕರೆಯಲು ಶುರು ಮಾಡಿದ್ದು ನಮ್ಮ ಅತ್ತೆ. ನಾನು ಮದುವೆಯಾಗಿ ಬಂದಾಗ ಇದೇ ಅತ್ತೆ ನನ್ನನ್ನು ‘ಇವಳೇ’ ಎಂದು ಕರೆಯುತ್ತಿದ್ದರು. ಈಗಲೂ ಹಾಗೇ ಕರೆಯುತ್ತಾರೆ. ಒಂದು ದಿನ ನನ್ನ ಗಂಡನ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, “ನೀನು ದೊಡ್ಡವಳಲ್ವಾ, ಸುಧಾರಿಸ್ಕೊ” ಎಂದರು. ದೊಡ್ಡವಳಾಗಿದ್ದಕ್ಕೆ ನನಗೆ ಈವರೆಗೆ ಸಿಕ್ಕಿರುವುದು ಈ ಒಂದು ಮಾತು.

ನಮ್ಮದು ಟೆಲಿಸ್ಕೋಪಿನ ಕಚೇರಿ. ಟೆಲಿಸ್ಕೋಪು ಇರುವುದು ಗುಡ್ಡದ ಮೇಲೆ, ನಾವಿರುವುದು ಕೆಳಗೆ ಊರೊಳಗೆ, ಲಿಫ್ಟು ಆಗಾಗ ಕೈಕೊಡುವ ಒಂದು ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ನಾನು ಆಕಾಶ ನೋಡುವವಳಲ್ಲ, ಫೈಲು ನೋಡುವವಳು. ಟೆಲಿಸ್ಕೋಪಿನ ಕ್ಯಾಮೆರಾ ಕಳಿಸುವುದನ್ನು ಬರೀ ಒಂದು ಫೋಟೋ ಎಂದುಕೊಂಡರೆ ತಪ್ಪು. ಒಂದೊಂದು ಫೈಲೂ ಊಟದ ಕ್ಯಾರಿಯರ್ ಇದ್ದ ಹಾಗೆ, ಡಬ್ಬಿಯ ಮೇಲೆ ಡಬ್ಬಿ. ಮೊದಲ ಭಾಗದಲ್ಲಿ ಚಿತ್ರವೇ ಇರುವುದಿಲ್ಲ. ಯಾವ ದಿನ, ಯಾವ ದಿಕ್ಕು, ಯಾವ ಕ್ಯಾಮೆರಾ ಎಂಬ ವಿವರ ಮಾತ್ರ. ಎರಡನೆಯದರಲ್ಲಿ ಚಿತ್ರ. ಅದರ ಕೆಳಗೆ, ಚಿತ್ರದ ಯಾವ ಚುಕ್ಕಿಯನ್ನು, ಅಂದರೆ ಯಾವ ಪಿಕ್ಸೆಲನ್ನು, ಎಷ್ಟು ನಂಬಬಹುದು ಎಂಬ ಲೆಕ್ಕ. ಕೊನೆಗೆ, ಕೆಟ್ಟುಹೋದ ಚುಕ್ಕಿಗಳ ಗುರುತು. ಪ್ರತಿ ಭಾಗದ ನೆತ್ತಿಯ ಮೇಲೂ ಒಂದು ಹೆಡರ್ ಇರುತ್ತದೆ, ಅಂದರೆ ಒಳಗೇನಿದೆ, ಅದನ್ನು ಹೇಗೆ ಓದಬೇಕು ಎಂದು ಹೇಳುವ ಚೀಟಿ. ಬರೆಯುವ ಪ್ರೋಗ್ರಾಮು ಇದನ್ನೆಲ್ಲ ಜೋಡಿಸಿ ಮುಚ್ಚುತ್ತದೆ, ಓದುವ ಪ್ರೋಗ್ರಾಮು ಬಿಚ್ಚಿ ಬಡಿಸುತ್ತದೆ.

ಓದುವ ಪ್ರೋಗ್ರಾಮು ನನ್ನದು. ಅದನ್ನು ಕಚೇರಿಯವರೆಲ್ಲ ‘ರೀಡರ್’ ಎನ್ನುತ್ತಾರೆ, ನಾನು ಮನಸ್ಸಿನೊಳಗೆ ‘ನನ್ನ ರೀಡರ್’ ಎನ್ನುತ್ತೇನೆ. ಹಳೆಯ ಕ್ಯಾಮೆರಾಕ್ಕೆ ಬರೆಯುವ ಪ್ರೋಗ್ರಾಮು ಮಾಡಿದ್ದವನು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಅವನು ಮಾಡಿಟ್ಟುಹೋದ ಅಧ್ವಾನಗಳನ್ನೆಲ್ಲ ನನ್ನ ರೀಡರ್ ಸದ್ದಿಲ್ಲದೆ ಸರಿಮಾಡಿಕೊಂಡು ಓದುತ್ತಿತ್ತು. ಆಮೇಲೆ ಹೊಸ ಕ್ಯಾಮೆರಾ ಬಂತು. ಅದಕ್ಕೆ ಬರೆಯುವ ಪ್ರೋಗ್ರಾಮು ಮಾಡಲು ಪುಟ್ಟಿ ಬಂದಳು.

ಬಂದ ಕೆಲವೇ ವಾರಗಳಲ್ಲಿ ಅವಳು ಎಲ್ಲರಿಗೂ ಬೇಕಾದವಳಾದಳು. ನನ್ನನ್ನು ದೊಡ್ಡ ಮೇಡಂ ಎನ್ನುತ್ತಿದ್ದವರು ಅವಳನ್ನು ಚಿಕ್ಕ ಮೇಡಂ ಎನ್ನತೊಡಗಿದರು, ಆ ‘ಚಿಕ್ಕ’ ಎನ್ನುವಾಗ ಅವರ ದನಿಯಲ್ಲಿ ಒಂದು ಮೆತ್ತನೆಯ ಅಕ್ಕರೆ. ಅವಳ ಫೈಲುಗಳಲ್ಲಿ ಒಂದೂ ತಪ್ಪಿಲ್ಲವಂತೆ. ತೆರೆದರೆ ಸಾಕು, ತಕರಾರಿಲ್ಲದೆ ಬಿಚ್ಚಿಕೊಳ್ಳುತ್ತವಂತೆ. ಬಿಚ್ಚುತ್ತಿರುವುದು ಯಾರ ರೀಡರ್ ಎಂದು ಒಬ್ಬರಾದರೂ ಕೇಳಬೇಕಿತ್ತು. ನಮ್ಮ ನಿರ್ದೇಶಕರಿಗೆ ನಾವೆಲ್ಲ ಹಿಂದಿನಿಂದ ‘ನೋಡೋಣ ಸರ್’ ಎನ್ನುತ್ತೇವೆ, ಅವರ ಬಾಯಿಂದ ಬೇರೆ ಉತ್ತರ ಕೇಳಿದವರಿಲ್ಲ. ಅಂಥವರು ಅವಳು ಹೊಸ ಡಿಸ್ಕ್ ಬೇಕೆಂದಾಗ, “ಆಗಲಿ, ತರಿಸೋಣ” ಎಂದುಬಿಟ್ಟರು. ಆ ದಿನ ನಾನು ಊಟದ ಡಬ್ಬಿ ತೆರೆಯಲೇ ಇಲ್ಲ.

ಈ ಹೊತ್ತಿಗೇ ನಮ್ಮ ವಿಭಾಗದ ಮುಖ್ಯಸ್ಥರು ಬೇರೆ ಸಂಸ್ಥೆಗೆ ಹೊರಟರು. ಅವರ ಕುರ್ಚಿ ನನಗೆ ಬರಬೇಕು. ಇದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬೇಕಿತ್ತು, ಬಹಳ ಬೇಕಿತ್ತು. ಗಾಜಿನ ಬಾಗಿಲಿನ ಆ ಕೋಣೆ, ಬಾಗಿಲ ಮೇಲಿನ ಫಲಕ, ಸಭೆಗಳಲ್ಲಿ ಮೊದಲ ಸಾಲು, ಎಲ್ಲವನ್ನೂ ನಾನು ಕಣ್ಣಲ್ಲೇ ಅಳತೆ ಮಾಡಿಟ್ಟುಕೊಂಡಿದ್ದೆ. ಆದರೆ ಕಚೇರಿಯಲ್ಲಿ ಗುಸುಗುಸು ಬೇರೆಯೇ ಇತ್ತು. ಇಬ್ಬರಲ್ಲಿ ಒಬ್ಬರಂತೆ. ಹೊಸ ಕ್ಯಾಮೆರಾದಲ್ಲಿ ಪಾಲುದಾರರಾದ ಹೊರಗಿನ ಸಂಸ್ಥೆಯವರು ಬಂದು ನಮ್ಮ ಫೈಲುಗಳನ್ನು ಪರೀಕ್ಷಿಸುವ ಸಭೆಯೊಂದಿತ್ತು. “ಸಭೆ ಮುಗೀಲಿ, ಆಮೇಲೆ ನೋಡೋಣ” ಎಂದರು ನಿರ್ದೇಶಕರು.

ಸಭೆಗೆ ಒಂದು ವಾರ ಇರುವಾಗ ನಮ್ಮ ಕಚೇರಿಯ ಗಡ್ಡದ ಸಂಶೋಧಕನೊಬ್ಬ ನನ್ನ ಮೇಜಿನ ಹತ್ತಿರ ಬಂದ. ಅವನ ಮುಖ ಬಾಡಿತ್ತು.

“ದೊಡ್ಡ ಮೇಡಂ, ಫೈಲಲ್ಲಿ ಯಾವ್ಯಾವ ಭಾಗ ಇದೆ ಅಂತ ಪಟ್ಟಿ ಬರುತ್ತೆ. ಚಿತ್ರ ಕೊಡು ಅಂದ್ರೆ ಮಾತ್ರ ಆಗಲ್ಲ ಅನ್ನುತ್ತೆ. ಫೈಲೇ ಕೆಟ್ಟಿದ್ಯಾ?”

ಅವನು ಬರೆದ ಸಾಲುಗಳನ್ನು ನೋಡಿದೆ. ಫೈಲು ತೆರೆದಿದ್ದ, ಪಟ್ಟಿ ತೆಗೆದುಕೊಂಡಿದ್ದ, ಕೂಡಲೇ ಮುಚ್ಚಿದ್ದ, ಆಮೇಲೆ ಚಿತ್ರ ಕೇಳಿದ್ದ. ಇಷ್ಟು ದೊಡ್ಡ ಫೈಲುಗಳಲ್ಲಿ ಚೀಟಿಗಳನ್ನು ರೀಡರ್ ಮೊದಲೇ ಓದಿಕೊಳ್ಳುತ್ತದೆ, ಚಿತ್ರ ಮಾತ್ರ ಕೇಳಿದಾಗಲೇ ಬರುವುದು.

“ಬಾಗಿಲು ಹಾಕ್ಕೊಂಡು ಬೀದಿಗೆ ಬಂದು, ಒಳಗಿರೋರನ್ನ ನೀರು ಕೊಡಿ ಅಂದ್ರೆ ಯಾರು ಕೊಡ್ತಾರೆ? ಚಿತ್ರ ತಗೊಂಡಮೇಲೆ ಮುಚ್ಚು” ಎಂದು ಸಾಲನ್ನು ಕೆಳಗಿಳಿಸಿ ಕೊಟ್ಟೆ. ಅವನು ತಲೆ ಕೆರೆದುಕೊಂಡು, “ಚಿಕ್ಕ ಮೇಡಂ ಫೈಲು ಕೆಟ್ಟಿರಲ್ಲ ಅಂತ ನಂಗೆ ಗೊತ್ತಿತ್ತು” ಎಂದ. ಸರಿಮಾಡಿಕೊಟ್ಟದ್ದು ನಾನು, ಹೊಗಳಿಸಿಕೊಂಡದ್ದು ಅವಳು.

ಅವನು ಹೋದಮೇಲೂ ಆ ಫೈಲು ನನ್ನ ಪರದೆಯ ಮೇಲೆ ತೆರೆದೇ ಇತ್ತು. ಹೊಟ್ಟೆಯುರಿದವರ ಕಣ್ಣು ಬಹಳ ಚುರುಕು. ಎರಡನೆಯ ಭಾಗದ ಚೀಟಿಯನ್ನು ಸಾಲುಸಾಲಾಗಿ ಓದುತ್ತ ಹೋದೆ, ಒಂದು ಕಡೆ ನಿಂತೆ. ಅಲ್ಲಿ ಇರಬೇಕಾದ ಒಂದು ಸಾಲು ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಮೆರಾ ಬೆಳಕನ್ನು ಎಣಿಸುವುದು ಸೊನ್ನೆಯಿಂದ ಅರವತ್ತೈದು ಸಾವಿರ ಚಿಲ್ಲರೆಯವರೆಗೆ. ಆದರೆ ಈ ಬಗೆಯ ಫೈಲಿನಲ್ಲಿ ಅಂಕಿಗಳ ವ್ಯಾಪ್ತಿ ಅರ್ಧದಷ್ಟು ಸೊನ್ನೆಗಿಂತ ಕೆಳಗೆ, ಉಳಿದರ್ಧ ಮೇಲೆ ಇರಬೇಕು, ಮೊದಲಿನಿಂದ ಬಂದ ಕಟ್ಟಳೆ ಅದು. ಹಾಗಾಗಿ ಬರೆಯುವವರು ಪ್ರತಿ ಅಂಕಿಯಿಂದಲೂ ಮೂವತ್ತೆರಡು ಸಾವಿರ ಚಿಲ್ಲರೆ ಕಳೆದು ಬರೆಯುತ್ತಾರೆ. ‘ಓದುವಾಗ ಇಷ್ಟು ಕೂಡಿಕೊಳ್ಳಿ’ ಎಂದು ಚೀಟಿಯಲ್ಲಿ ಒಂದು ಸಾಲು ಹಾಕುತ್ತಾರೆ. ಪುಟ್ಟಿ ಕಳೆದಿದ್ದಳು. ಕೂಡಿಕೊಳ್ಳಿ ಎಂದು ಮಾತ್ರ ಬರೆದಿರಲಿಲ್ಲ.

ಇನ್ನೊಂದು ಫೈಲು ತೆರೆದೆ, ಅದರಲ್ಲೂ ಇಲ್ಲ. ಮತ್ತೊಂದು, ಅದರಲ್ಲೂ ಇಲ್ಲ. ಹಳೆಯ ಕ್ಯಾಮೆರಾದವನೂ ಇದೇ ತಪ್ಪು ಮಾಡಿದ್ದ. ಅದಕ್ಕೇ ನನ್ನ ರೀಡರ್ ತಾನಾಗಿ ಕೂಡಿಕೊಳ್ಳುವಂತೆ ಮಾಡಿದ್ದೆ. ಅಂದರೆ ಇಷ್ಟು ದಿನ ಚಿಕ್ಕ ಮೇಡಂ ಅವರ ತಪ್ಪಿಲ್ಲದ ಫೈಲುಗಳ ತಪ್ಪನ್ನು ಮುಚ್ಚುತ್ತ ಬಂದದ್ದು ನನ್ನ ರೀಡರ್. ನನಗಾದ ಸಂತೋಷವನ್ನು ಹೇಳಬಾರದು, ಆದರೂ ಹೇಳುತ್ತೇನೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ, ಅಷ್ಟು ಸಂತೋಷ.

ಹೊರಗಿನವರು ತಮ್ಮದೇ ಪ್ರೋಗ್ರಾಮಿನಲ್ಲಿ ಈ ಫೈಲು ತೆರೆದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಚಿತ್ರ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ನಕ್ಷತ್ರದ ಬೆಳಕು ಅಳೆಯಲು ಹೋದರೆ ಮಾತ್ರ ಆಕಾಶವೆಲ್ಲ ಮೈನಸ್. ಮೊದಲು ಸಭೆಯಲ್ಲಿ ಬರೀ ನಮ್ಮ ರೀಡರಿನಲ್ಲಿ ತೋರಿಸುವುದೆಂದಿತ್ತು. ಅದೇ ವಾರ ಅವರಿಂದ ಸುದ್ದಿ ಬಂತು, ತಮ್ಮ ಪ್ರೋಗ್ರಾಮಿನಲ್ಲೂ ಪಕ್ಕಪಕ್ಕದಲ್ಲೇ ತೆರೆದು ನೋಡುತ್ತೇವೆ ಎಂದು. ಫೈಲುಗಳು ಆಗಲೇ ಅವರ ಕೈ ಸೇರಿದ್ದವು. ಸಭೆ ಮುಗಿಯುವವರೆಗೂ ಯಾವ ಪ್ರೋಗ್ರಾಮನ್ನೂ ಯಾರೂ ಮುಟ್ಟಬಾರದು ಎಂದು ನಿರ್ದೇಶಕರ ಆಜ್ಞೆಯಾಯಿತು. ದೇವರೇ ಬಂದು ನನ್ನ ಪಕ್ಕ ನಿಂತ ಹಾಗಿತ್ತು.

ನಾನು ಬಾಯಿ ಬಿಡಲಿಲ್ಲ. ಅವಳು ಎಂದಿನಂತೆ ಇಬ್ಬರಿಗೂ ಚಹಾ ತಂದಳು, ಎಂದಿನಂತೆ ನನ್ನದಕ್ಕೆ ಸಕ್ಕರೆ ಸರಿಯಾಗಿತ್ತು. ಅವಳು ಮಾಡುವುದೆಲ್ಲ ಸರಿಯಾಗಿರುವುದೇ ನನಗೆ ಸೇರುತ್ತಿರಲಿಲ್ಲ. ಮನೆಯಲ್ಲಿ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿರುತ್ತಿದ್ದಳು. ಅತ್ತೆ, “ಪುಟ್ಟಿ ಕೈ ಬಿದ್ರೆ ನೋವೇ ಗೊತ್ತಾಗಲ್ಲ” ಎನ್ನುತ್ತಿದ್ದರು, ನನಗೆ ಕೇಳುವಷ್ಟು ಜೋರಾಗಿ. ಇನ್ನು ಕೆಲವು ದಿನ, ಆಮೇಲೆ ಗೊತ್ತಾಗುತ್ತದೆ ಎಂದುಕೊಂಡು ನಾನು ಈರುಳ್ಳಿ ಹೆಚ್ಚುತ್ತಿದ್ದೆ.

ಸಭೆಯ ಹಿಂದಿನ ದಿನ ಮಧ್ಯಾಹ್ನ ನನಗೊಂದು ದುರಾಸೆ ಹುಟ್ಟಿತು. ಅವಳು ಸೋತರೆ ಸಾಲದು, ನಾನು ಗೆಲ್ಲಬೇಕು. ಎಲ್ಲರೂ ಕಕ್ಕಾಬಿಕ್ಕಿಯಾದಾಗ ನಾನು ಎದ್ದು ಹೋಗಿ, ಆ ಒಂದು ಸಾಲನ್ನು ಸೇರಿಸಿ, ಅವರ ಪರದೆಯಲ್ಲೂ ನಮ್ಮ ಪರದೆಯಲ್ಲೂ ಆಕಾಶವನ್ನು ಸರಿಮಾಡಿ ತೋರಿಸಬೇಕು. ಮದುವೆಯ ಹಿಂದಿನ ದಿನ ಹುಡುಗಿ ಕನ್ನಡಿ ಮುಂದೆ ನಿಲ್ಲುವ ಹಾಗೆ ಅಭ್ಯಾಸ ಮಾಡಿಕೊಳ್ಳಲು ಕೂತೆ. ಒಂದು ಫೈಲಿನ ನಕಲು ತೆಗೆದು, ಚೀಟಿಯಲ್ಲಿ ಸಾಲು ಸೇರಿಸಿ, ನನ್ನ ರೀಡರಿನಲ್ಲಿ ತೆರೆದೆ.

ಪರದೆ ಪೂರ್ತಿ ಬೆಳ್ಳಗಾಯಿತು.

ನಕ್ಷತ್ರವಿಲ್ಲ, ಕತ್ತಲೆಯಿಲ್ಲ, ಹಗಲು ಹನ್ನೆರಡರ ಬಿಸಿಲಿನಂಥ ಬಿಳುಪು. ಅಂಕಿ ತಪ್ಪಾಗಿ ಹೊಡೆದೆನೆಂದು ಮತ್ತೆ ಹೊಸ ನಕಲಿನಲ್ಲಿ ಮಾಡಿದೆ, ಮತ್ತೂ ಬಿಳುಪು. ನನ್ನದೇ ರೀಡರಿನ ಒಳಗೆ ಹೋಗಿ ನೋಡಿದೆ. ಚೀಟಿಯಲ್ಲಿ ಸಾಲಿದೆಯೇ ಇಲ್ಲವೇ ಎಂದು ನನ್ನ ರೀಡರ್ ನೋಡುತ್ತಲೇ ಇರಲಿಲ್ಲ. ಸಾಲಿದ್ದರೆ ರೀಡರಿನ ಅಡಿಯಲ್ಲಿರುವ ಲೈಬ್ರರಿ, ಅಂದರೆ ಎಲ್ಲರೂ ಬಳಸುವ ಸಿದ್ಧ ಪ್ರೋಗ್ರಾಮು, ತಾನೇ ಒಂದು ಸಲ ಕೂಡುತ್ತಿತ್ತು, ಅದರ ಮೇಲೆ ನಾನು ಕುರುಡಾಗಿ ಇನ್ನೊಂದು ಸಲ ಕೂಡುತ್ತಿದ್ದೆ. ಹಳೆಯ ಕ್ಯಾಮೆರಾದ ಫೈಲುಗಳಲ್ಲಿ ಸಾಲೇ ಇರಲಿಲ್ಲವಾದ್ದರಿಂದ ಇಷ್ಟು ವರ್ಷ ಬಣ್ಣ ಬಯಲಾಗಿರಲಿಲ್ಲ. ಸರಿಯಾಗಿ ಬರೆದ ಫೈಲೊಂದು ಬಂದರೆ ನನ್ನ ರೀಡರಿಗೆ ಅದನ್ನು ಓದಲು ಬರುವುದಿಲ್ಲ. ಇದು ನಿಜ.

ಆಗ ಇನ್ನೊಂದು ಅನುಮಾನ ತಲೆಗೆ ಬಂತು. ಅಷ್ಟೆಲ್ಲ ಸರಿಯಾಗಿ ಮಾಡುವ ಪುಟ್ಟಿ ಈ ಸಾಲನ್ನು ಮರೆಯುತ್ತಾಳೆಯೇ? ಚಹಾದ ಸಕ್ಕರೆ ಮರೆಯದವಳು?

ಆ ಸಂಜೆ ಅವಳು ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನೂ ಹೋದೆ. ತಂತಿಯ ಆ ಕಡೆ ಅವಳು, ಈ ಕಡೆ ನಾನು, ನಡುವೆ ಅತ್ತೆಯ ಸೀರೆ.

“ಕೂಡೋ ಸಾಲು ಯಾಕೆ ಹಾಕಿಲ್ಲ?” ಎಂದು ನೇರವಾಗಿ ಕೇಳಿದೆ.

ಅವಳ ಕೈ ನಿಂತಿತು. “ಯಾವಾಗ ನೋಡಿದ್ರಿ ಅಕ್ಕ?”

“ಕೇಳಿದ್ದಕ್ಕೆ ಹೇಳು.”

“ಮೊದಲು ಹಾಕಿದ್ದೆ. ನಿಮ್ಮ ರೀಡರಲ್ಲಿ ಎಲ್ಲ ಬೆಳ್ಳಗೆ ಬರ್ತಿತ್ತು. ಹೇಳೋಣ ಅಂತ ನಿಮ್ಮ ಮೇಜಿಗೆ ಬಂದೆ. ಬಾಯಿ ತೆಗೆಯೋಕ್ ಮುಂಚೆನೇ ‘ರೀಡರಿಗೇನೂ ಆಗಿಲ್ಲ, ನಿನ್ನ ಫೈಲು ನೋಡ್ಕೊ’ ಅಂದ್ರಿ. ನೋಡ್ಕೊಂಡೆ. ಸಾಲು ತೆಗೆದೆ, ಸರಿಹೋಯ್ತು.”

“ಮೇಲಿನವರಿಗೆ ಹೇಳಬಹುದಿತ್ತಲ್ಲ.”

“ಹೇಳಿ ಮನೆಗೆ ಹೆಂಗೆ ಬರ್ಲಿ? ಹೋದ ಸಲ ನೀವು ಮುನಿಸಿಕೊಂಡು ಮಾತು ಬಿಟ್ಟಾಗ ಅತ್ತೆ ಸರಿಯಾಗಿ ಊಟಾನೇ ಮಾಡ್ಲಿಲ್ಲ. ಇವ್ರು ಬೇರೆ ಮನೆ ಮಾಡೋಣ ಅಂತ ಶುರುಮಾಡಿದ್ರು. ಒಂದು ಸಾಲಿಗೋಸ್ಕರ ಇಷ್ಟೆಲ್ಲ ಯಾಕೆ ಅಂತ ಸುಮ್ಮನಾದೆ.” ಅವಳು ಸೀರೆಯನ್ನು ತಂತಿಯಿಂದ ಎಳೆದುಕೊಂಡಳು, ನಾವಿಬ್ಬರೂ ಎದುರಾಬದುರಾದೆವು. “ನಾಳೆ ಅವರ ಪರದೆ ಮೇಲೆ ಮೈನಸ್ ಬರುತ್ತೆ, ಗೊತ್ತು. ಮರೆತೆ ಅಂತ ಹೇಳ್ತೀನಿ. ನೀವು ಸುಮ್ನಿರಿ. ಆಮೇಲೆ ಇಬ್ಬರೂ ಕೂತು ಎರಡೂ ಕಡೆ ಸರಿಮಾಡೋಣ.”

ನಾನು ಏನು ಹೇಳಬೇಕಿತ್ತು? ಬೇಡ, ತಪ್ಪು ನನ್ನದು ಎನ್ನಬೇಕಿತ್ತು. ನಾನು ಸೀರೆಯ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಅದನ್ನು ಮಡಿಸಿದೆವು, ಮಡಿಸುತ್ತ ಮಡಿಸುತ್ತ ಹತ್ತಿರ ಬಂದೆವು, ಸೀರೆ ಅವಳ ಕೈಗೆ ಹೋಯಿತು. “ಆಯ್ತು” ಎಂದೆ. ಗಾಜಿನ ಬಾಗಿಲಿನ ಕೋಣೆ ಇನ್ನೂ ನನ್ನ ಕಣ್ಣ ಮುಂದೆಯೇ ಇತ್ತು.

ಮರುದಿನ ಸಭಾಕೋಣೆಯಲ್ಲಿ ಎರಡು ಪರದೆ ಹಾಕಿದ್ದರು. ಹೊರಗಿನ ಸಂಸ್ಥೆಯಿಂದ ಬಂದಿದ್ದವರಲ್ಲಿ ಹಿರಿಯರು ಒಬ್ಬ ಬಿಳಿಗೂದಲ ಮೇಡಂ, ಮಾತು ಕಡಿಮೆ, ಕಣ್ಣು ಜಾಸ್ತಿ. ನಮ್ಮ ರೀಡರಿನಲ್ಲಿ ಫೈಲು ಸೊಗಸಾಗಿ ತೆರೆದುಕೊಂಡಿತು. ಭಾಗ ಭಾಗವಾಗಿ ಬಿಚ್ಚಿ ತೋರಿಸಿದೆ. ನಕ್ಷತ್ರದ ಬೆಳಕು ಅಳೆದೆ, ಅಂಕಿ ಒಪ್ಪವಾಗಿ ಬಂತು. ನಿರ್ದೇಶಕರು ತಲೆದೂಗಿದರು.

ಆಮೇಲೆ ಅವರ ಕಡೆಯ ಹುಡುಗ ಅದೇ ಫೈಲನ್ನು ಅವರ ಪ್ರೋಗ್ರಾಮಿನಲ್ಲಿ ತೆರೆದ. ಚಿತ್ರ ಬಂತು. ಅದೇ ನಕ್ಷತ್ರದ ಮೇಲೆ ಒತ್ತಿದ. ಮೈನಸ್. ಪಕ್ಕದ ಖಾಲಿ ಆಕಾಶದ ಮೇಲೆ ಒತ್ತಿದ, ಇನ್ನೂ ದೊಡ್ಡ ಮೈನಸ್.

“ಇದೇನಿದು ಮೇಡಂ?” ಎಂದು ನಿರ್ದೇಶಕರು ಪುಟ್ಟಿಯ ಕಡೆ ತಿರುಗಿದರು.

ಅವಳು ಎದ್ದು ನಿಂತಳು. “ಸರ್, ಕೂಡಿಕೊಳ್ಳೋ ಸಂಖ್ಯೆಯ ಸಾಲು ಚೀಟಿಯಲ್ಲಿ ಬಿಟ್ಟುಹೋಗಿದೆ. ಬರೆಯೋ ಪ್ರೋಗ್ರಾಮು ನನ್ನದು, ತಪ್ಪೂ ನನ್ನದು. ನಮ್ಮ ರೀಡರ್ ಅದನ್ನ ತಾನೇ ಸರಿಮಾಡ್ಕೊಳ್ತಿದ್ದಿದ್ದರಿಂದ ನನಗೆ ಗೊತ್ತಾಗಲಿಲ್ಲ. ಅಂಕಿಗಳೇನೂ ಹಾಳಾಗಿಲ್ಲ. ಸಾಲು ಸೇರಿಸಿದ್ರೆ ಎಲ್ಲ ಸರಿಹೋಗುತ್ತೆ. ಇವತ್ತೇ ಮಾಡ್ತೀನಿ.”

ತಡವರಿಸಲಿಲ್ಲ, ತಲೆ ತಗ್ಗಿಸಲಿಲ್ಲ. ತಪ್ಪನ್ನು ಹೇಳಿದ ರೀತಿಯೂ ಅವಳ ಫೈಲುಗಳ ಹಾಗೇ ಚೊಕ್ಕಟ. ನಿರ್ದೇಶಕರು ನನ್ನ ಕಡೆ ನೋಡಿ, “ನಿಮ್ಮ ರೀಡರ್ ಇಲ್ದಿದ್ರೆ ಗತಿ ಏನಾಗ್ತಿತ್ತೋ” ಎಂದರು. ಕುರ್ಚಿ ನನ್ನದಾಯಿತು ಎಂದು ಆ ನೋಟದಲ್ಲೇ ಬರೆದಿತ್ತು. ನಾನು ಸಣ್ಣಗೆ ನಕ್ಕೆ. ಅಷ್ಟಕ್ಕೇ ಮುಗಿದಿದ್ದರೆ ಈ ಕತೆ ನಾನು ಯಾರಿಗೂ ಹೇಳುತ್ತಿರಲಿಲ್ಲ.

ಆದರೆ ಬಿಳಿಗೂದಲ ಮೇಡಂ ಕನ್ನಡಕ ತೆಗೆದು ಪುಟ್ಟಿಯನ್ನೇ ನೋಡುತ್ತ ಕೂತರು. “ಇಷ್ಟು ವರ್ಷದಲ್ಲಿ ಎಷ್ಟೋ ಸಭೆ ನೋಡಿದೀನಿ” ಎಂದರು. “ಫೈಲು ಕೆಟ್ರೆ ಎಲ್ರೂ ಇನ್ನೊಬ್ರ ಕಡೆ ಬೆರಳು ತೋರಿಸ್ತಾರೆ. ತಪ್ಪು ನನ್ನದು ಅಂತ ಹೀಗೆ ಎದ್ದು ನಿಂತವರನ್ನ ನೋಡಿದ್ದು ನೆನಪಿಲ್ಲ. ಕೆಲಸ ಯಾರು ಬೇಕಾದ್ರೂ ಕಲೀಬಹುದು, ಈ ಗುಣ ಕಲಿಸೋಕಾಗಲ್ಲ.”

ಗಡ್ಡದ ಸಂಶೋಧಕ ಹೌದು ಹೌದೆಂದು ತಲೆಯಾಡಿಸಿದ. ನಿರ್ದೇಶಕರ ಮುಖವೂ ಮೆತ್ತಗಾಯಿತು. ಮೂಲೆಯಲ್ಲಿ ಕೂತಿದ್ದ ಲೆಕ್ಕಪತ್ರದವರು ಸಹ ಅವಳನ್ನು ಮೆಚ್ಚುಗೆಯಿಂದ ನೋಡಿದರು, ಅವರಿಗೆ ಫೈಲೆಂದರೆ ದಾರ ಕಟ್ಟಿದ ಫೈಲು ಮಾತ್ರ ಗೊತ್ತು. ಪುಟ್ಟಿ ಕಣ್ಣು ಕೆಳಗೆ ಮಾಡಿ ಕೂತಳು. ಆ ಕೂತ ಭಂಗಿಯಲ್ಲಿ ಒಂದು ತೃಪ್ತಿ ಇತ್ತು. ಬೇರೆಯವರಿಗೆ ಕಂಡಿತೋ ಇಲ್ಲವೋ, ನನಗೆ ಕಂಡಿತು.

ನನ್ನ ಮೈಯೆಲ್ಲ ಉರಿಯಿತು. ಯಾವ ತಪ್ಪು? ಯಾರ ತಪ್ಪು? ಆ ತಪ್ಪು ನನ್ನದು. ನಾನು ಮಾಡಿದ ತಪ್ಪನ್ನು ಇವಳು ಹೊದ್ದುಕೊಂಡು ದೊಡ್ಡ ಮನಸ್ಸಿನವಳು ಎನ್ನಿಸಿಕೊಳ್ಳುತ್ತಿದ್ದಾಳೆ. ಕಿಟಕಿ ಪಕ್ಕದ ಮೇಜು ಹೋಯಿತು, ಅತ್ತೆ ಅವಳ ಪಾಲಾದರು, ಹೊಗಳಿಕೆ ಹೋಯಿತು, ಈಗ ನನ್ನ ತಪ್ಪನ್ನೂ ಇವಳಿಗೆ ಬಿಟ್ಟುಕೊಡಬೇಕೇ? ಕುರ್ಚಿ ಸಿಕ್ಕರೂ ಆ ಗಾಜಿನ ಬಾಗಿಲಿನ ಒಳಗೆ ಕೂತು ನಾನು ದಿನವೂ ನೋಡಬೇಕಾದದ್ದು ಈ ಒಳ್ಳೆಯವಳ ಮುಖವನ್ನೇ. ಅದನ್ನು ನೆನೆಸಿಕೊಳ್ಳಲೂ ನನ್ನಿಂದಾಗಲಿಲ್ಲ.

ಎದ್ದು ನಿಂತೆ.

“ಆ ತಪ್ಪು ಅವಳದಲ್ಲ” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಅವಳು ಮೊದಲು ಸರಿಯಾಗೇ ಬರೆದಿದ್ಲು. ನನ್ನ ರೀಡರಿಗೆ ಸರಿಯಾದ ಫೈಲು ಓದೋಕೆ ಬರಲ್ಲ. ಎರಡೆರಡು ಸಲ ಕೂಡುತ್ತೆ. ನನಗೆ ಹೇಳೋಕ್ ಬಂದ್ಲು, ನಾನು ಬೈದು ಕಳಿಸಿದೆ. ಅದಕ್ಕೇ ಸಾಲು ತೆಗೆದ್ಲು. ಬೇಕಾದ್ರೆ ಈಗಲೇ ತೋರಿಸ್ತೀನಿ.”

“ಅಕ್ಕ, ಬೇಡ” ಎಂದಳು ಪುಟ್ಟಿ ಕೆಳದನಿಯಲ್ಲಿ.

ತೋರಿಸಿಯೇ ತೋರಿಸಿದೆ. ನಕಲಿನಲ್ಲಿ ಸಾಲು ಸೇರಿಸಿ ಎರಡೂ ಕಡೆ ತೆರೆಸಿದೆ. ಅವರ ಪರದೆಯಲ್ಲಿ ಆಕಾಶ ಸರಿಹೋಯಿತು, ನಕ್ಷತ್ರಗಳ ಅಂಕಿ ಒಪ್ಪವಾಗಿ ಬಂತು. ನಮ್ಮ ಪರದೆ ಬೆಳ್ಳಗಾಗಿ ನಿಂತಿತು. ಇಷ್ಟು ವರ್ಷ ನಾನು ಕಟ್ಟಿಕೊಂಡು ಬಂದ ಹೆಸರು ಆ ಬಿಳುಪಿನಲ್ಲಿ ಎಲ್ಲರೆದುರು ಕರಗಿಹೋಯಿತು. ನನಗೆ ಅಳು ಬರಲಿಲ್ಲ. ಪುಟ್ಟಿಯ ಮುಖ ನೋಡಿದೆ, ಆ ತೃಪ್ತಿ ಅಲ್ಲಿರಲಿಲ್ಲ. ನನಗೆ ಅಷ್ಟೇ ಬೇಕಾಗಿತ್ತು.

ಬಿಳಿಗೂದಲ ಮೇಡಂ ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, “ನೀವಿಬ್ರೂ ಒಂದೇ ಮನೆಯವರು ಅಂತ ಈಗ ಗೊತ್ತಾಯ್ತು. ಅದಕ್ಕೇ ಹೀಗೆ” ಎಂದರು. ಯಾವ ಮನೆ, ಎಂಥ ಮನೆ ಎಂದು ಅವರಿಗೇನು ಗೊತ್ತು. ಮಧ್ಯಾಹ್ನ ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು. ಈ ಸಲವೂ ಅವರು ನೋಡೋಣ ಎನ್ನಲಿಲ್ಲ. ವಿಭಾಗ ಚಿಕ್ಕ ಮೇಡಂ ಅವರಿಗೆ, ರೀಡರ್ ಸರಿಮಾಡುವ ಕೆಲಸ ನನಗೆ, ಎರಡೂ ಸೋಮವಾರದಿಂದ. ನನ್ನ ಕಡೆ ತಿರುಗಿ, “ನಿಮ್ಮ ಬಗ್ಗೆ ನನಗಿದ್ದ ಗೌರವ ಇವತ್ತು ಜಾಸ್ತಿ ಆಯ್ತು” ಎಂದೂ ಹೇಳಿದರು. ಗೌರವಕ್ಕೆ ಗಾಜಿನ ಬಾಗಿಲಿರುವುದಿಲ್ಲ.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಬಸ್ಸಿನಲ್ಲಿ ಜನ ಕಡಿಮೆಯಿದ್ದರು, ಅಕ್ಕಪಕ್ಕ ಕೂರಲೇಬೇಕಾಯಿತು. ಅವಳ ತೊಡೆಯ ಮೇಲೆ ಕಚೇರಿಯ ಚೀಲ, ಅದರೊಳಗೆ ಮುಖ್ಯಸ್ಥರು ಬಿಟ್ಟುಹೋದ ದಪ್ಪ ದಪ್ಪ ಕೈಪಿಡಿಗಳು. ಅವಳು ಥ್ಯಾಂಕ್ಸ್ ಹೇಳುತ್ತಾಳೆ, ನಾನು ಪರವಾಗಿಲ್ಲ ಬಿಡು ಎನ್ನಬೇಕು, ಅದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಎಷ್ಟೋ ಸ್ಟಾಪು ದಾಟಿದವು.

“ಯಾಕೆ ಹೇಳಿದ್ರಿ?” ಎಂದಳು ಕೊನೆಗೆ. ದನಿ ಗಡುಸಾಗಿತ್ತು.

“ನಿನ್ನನ್ನ ಹೊಗಳ್ತಿದ್ರು. ನೋಡೋಕಾಗ್ಲಿಲ್ಲ.”

ಅವಳು ತಟ್ಟನೆ ನನ್ನ ಕಡೆ ತಿರುಗಿದಳು. ನಾನು ತಮಾಷೆ ಮಾಡುತ್ತಿಲ್ಲವೆಂದು ಅವಳಿಗೆ ಗೊತ್ತಾಯಿತು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

“ನಾನೂ ನಿಜ ಹೇಳ್ತೀನಿ ಅಕ್ಕ. ನೀವು ಎದ್ದು ನಿಂತಾಗ ನನ್ನ ಹೊಟ್ಟೆ ಉರಿದುಹೋಯ್ತು. ಇಷ್ಟು ದಿನ ಆ ತಪ್ಪು ಹೊತ್ಕೊಂಡಿದ್ದು ನಾನು. ಒಳ್ಳೇ ಮಾತು ಕೇಳೋ ಹೊತ್ತಿಗೆ ನೀವು ಬಂದು ಕಿತ್ಕೊಂಡ್ರಿ. ಆಮೇಲೆ ಎಲ್ರೂ ನಿಮ್ಮನ್ನೇ ನೋಡ್ತಿದ್ರು. ಆ ಮೇಡಂ ನಿಮ್ಮ ಕೈ ಹಿಡ್ಕೊಂಡ್ರು, ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ.”

“ಕುರ್ಚಿ ನಿಂಗೇ ಸಿಕ್ತಲ್ಲ.”

“ಸಿಕ್ತು. ನಾನು ಗೆದ್ದೆ ಅಂತ ಯಾರಂತಾರೆ? ಅಕ್ಕ ಬಿಟ್ಟುಕೊಟ್ಲು ಅಂತಾರೆ. ಇನ್ನು ಎಷ್ಟು ವರ್ಷ ಆ ಕೋಣೇಲಿ ಕೂತ್ರೂ ಅದೇ ಅಂತಾರೆ. ಮನೇಲೂ ಇವ್ರು ಅದೇ ಅಂತಾರೆ, ನೋಡ್ತಿರಿ.” ಅವಳ ಕಣ್ಣಲ್ಲಿ ನೀರಿತ್ತು.

ಇದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಕೂಡಲೇ ಹೊಟ್ಟೆ ತಣ್ಣಗಾಯಿತು. ನಗು ಉಕ್ಕಿ ಬಂತು, ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಆಮೇಲೆ ಆ ನಗು ಅಲ್ಲೇ ನಿಂತುಹೋಯಿತು, ಯಾಕೆಂದರೆ ಅವಳು ಹೇಳಿದ ಉರಿಯ ಒಂದೊಂದು ಮೂಲೆಯೂ ನನಗೆ ಪರಿಚಯವಿತ್ತು. ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ಏರುತ್ತದೆ, ಊಟದ ಮುಂದೆ ಕೂತಾಗ ಹೇಗಿರುತ್ತದೆ, ಎಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳು ನನಗೆ ನನ್ನವಳೆನ್ನಿಸಿದ್ದು ಅದೇ ಮೊದಲು.

ನಮ್ಮ ಸ್ಟಾಪು ಬಂತು. ಎದ್ದಾಗ ಅವಳ ಆ ಭಾರದ ಚೀಲವನ್ನು ನಾನು ಎತ್ತಿ ಹೆಗಲಿಗೆ ಹಾಕಿಕೊಂಡೆ.

“ಕೊಡಿ ಅಕ್ಕ, ನಾನೇ ಹೊರ್ತೀನಿ” ಎಂದಳು ಅವಳು, ಬಸ್ಸಿಳಿದು ಬೀದಿ ದಾಟುವಾಗ ಒಮ್ಮೆ, ಮನೆಯ ಗೇಟಿನ ಹತ್ತಿರ ಇನ್ನೊಮ್ಮೆ. ಬಾಗಿಲಲ್ಲಿ ಅತ್ತೆ ನಿಂತು ನೋಡುತ್ತಿದ್ದರು. ನಾನು ಕೊಡಲಿಲ್ಲ.